ಮೂರು ಬಾವಿ ರಸ್ತೆಯ ಹಳದಿ ಡಬ್ಬಗಳು

ಪಟ್ಟಣವನ್ನೂ ಸುತ್ತಲ ಹಳ್ಳಿಗಳನ್ನೂ ನೋಡಿಕೊಳ್ಳುವ ವಿರಾಬೀ ಕೌನ್ಸಿಲ್‌ನ ಕಚೇರಿಯಲ್ಲಿ ಕೂತವರಿಗೆ ಮೂರು ಬಾವಿ ರಸ್ತೆ ಎಲ್ಲಿದೆ ಎಂದು ನಕ್ಷೆ ನೋಡದೆ ಹೇಳಲು ಬರುವುದಿಲ್ಲ. ನೋಲಾ ಪಾಸ್ಕೋಗೆ ಬರುತ್ತದೆ. ಯಾವ ಗೇಟಿನ ಕೀಲು ಕಿತ್ತಿದೆ, ಯಾವ ಮನೆಯ ನಾಯಿ ಲಾರಿಯ ಚಕ್ರಕ್ಕೆ ಬಾಯಿ ಹಾಕುತ್ತದೆ, ಯಾರು ಕುಡಿಯುವುದನ್ನು ಬಿಟ್ಟಿದ್ದಾರೆ, ಯಾರು ಬಿಟ್ಟೆ ಎಂದು ಹೆಂಡತಿಗೆ ಸುಳ್ಳು ಹೇಳಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು. ಇಪ್ಪತ್ತೊಂದು ವರ್ಷ ಆ ಜಲ್ಲಿ ರಸ್ತೆಗಳ ಒಣ ಕಸ ಎತ್ತಿದವಳು ಅವಳು. ಹಾಗಿದ್ದೂ ಆ ರಸ್ತೆಗಳ ಹಣೆಬರಹ ಬರೆಯುವ ದಿನ ಅವಳಿಗೆ ಮಾತಾಡಲು ಸಿಕ್ಕಿದ್ದು ಎರಡು ನಿಮಿಷ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನೋಲಾಗೆ ಈಗ ಐವತ್ತೊಂಬತ್ತು. ಅವಳಪ್ಪ ಗೋಧಿ ಲಾರಿ ಓಡಿಸುತ್ತಿದ್ದ. ಹದಿನಾರು ತುಂಬುವುದರೊಳಗೆ ಅವಳು ಆ ಲಾರಿಯನ್ನು ಹಿಂದಕ್ಕೆ ತಂದು ಗೋದಾಮಿನ ಬಾಯಿಗೆ ಒಂದೇ ಸಲಕ್ಕೆ ಹಚ್ಚುತ್ತಿದ್ದಳು. ಹುಡುಗಿಯ ಕೈಗೆ ಲಾರಿ ಕೊಟ್ಟಿದ್ದಾನಲ್ಲ ಎಂದು ಮೂಗು ಮುರಿಯಲು ಬಂದ ಗಂಡಸರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಕುರಿಗಳ ಉಣ್ಣೆ ಕತ್ತರಿಸುವ ರೇ ಪಾಸ್ಕೋನನ್ನು ಮದುವೆಯಾದಳು. ದಿನಕ್ಕೆ ನೂರೈವತ್ತು ಕುರಿಗಳ ಮೇಲೆ ಬಗ್ಗಿ ಬಗ್ಗಿ ಅವನ ಸೊಂಟ ನಲವತ್ತಕ್ಕೆ ಮೊದಲೇ ಕೈ ಕೊಟ್ಟಿತು. ಅಲ್ಲಿಂದ ಮನೆ ನಡೆಸಿದ್ದು ನೋಲಾಳ ಸ್ಟೀರಿಂಗ್. ಮೊದಲು ಹದಿಮೂರು ವರ್ಷ ಶಾಲೆಯ ಬಸ್ಸು, ಆಮೇಲೆ ಈ ಕಸದ ಲಾರಿ.

ಒಬ್ಬಳೇ ಓಡಿಸುವ ಲಾರಿ ಅದು. ಎಡಗಡೆಯಿಂದ ಕಬ್ಬಿಣದ ತೋಳು ಹೊರಗೆ ಚಾಚಿ ಒಣ ಕಸ ತುಂಬುವ, ಗಾಲಿಯಿರುವ, ಹಳದಿ ಮುಚ್ಚಳದ ದೊಡ್ಡ ಡಬ್ಬವನ್ನು ಅಪ್ಪಿಕೊಂಡು, ಮೇಲೆತ್ತಿ, ಲಾರಿಯ ಹೊಟ್ಟೆಗೆ ಸುರಿದು, ಮತ್ತೆ ಕೆಳಗಿಡುತ್ತದೆ. ಹದಿನೈದು ದಿನಕ್ಕೊಂದು ಗುರುವಾರ ಹಳ್ಳಿ ಹಾದಿಯ ಸರದಿ. ತೊಂಬತ್ತೆರಡು ಮನೆ, ಇನ್ನೂರು ಕಿಲೋಮೀಟರ್ ಧೂಳು. ಮನೆಯಿಂದ ಗೇಟಿಗೇ ಎಷ್ಟೋ ಕಡೆ ಒಂದೆರಡು ಕಿಲೋಮೀಟರ್ ಇರುವುದರಿಂದ ಡಬ್ಬವನ್ನು ಪಿಕಪ್ ಗಾಡಿಯ ಹಿಂಬದಿಗೆ ಸಿಕ್ಕಿಸಿಕೊಂಡು ಎಳೆದು ತರುತ್ತಾರೆ. ಪಟ್ಟಣದವರಂತೆ ಚಪ್ಪಲಿ ಮೆಟ್ಟಿ ಹತ್ತು ಹೆಜ್ಜೆ ತಳ್ಳಿ ಬಂದರೆ ಆಗುವ ಕೆಲಸವಲ್ಲ.

ಹನ್ನೆರಡು ವರ್ಷದ ಹಿಂದೆ, ಒಂದು ಜನವರಿಯ ನಡುಬೇಸಿಗೆಯಲ್ಲಿ, ಥೆಲ್ಮಾ ರಡ್ಡಕ್ ಗೇಟಿನ ಮುಂದೆ ಬೆಂಕಿ ಹತ್ತಿಕೊಂಡಿತು. ಥೆಲ್ಮಾ ಮೂರು ಬಾವಿ ರಸ್ತೆಯ ಮೊದಲ ಮನೆಯವಳು, ಕೋಳಿ ಸಾಕಿಕೊಂಡು ಒಬ್ಬಳೇ ಇರುವವಳು. ಲಾರಿ ನಿಲ್ಲಿಸಿದ ಜಾಗದಲ್ಲಿ ಮೊಣಕಾಲುದ್ದ ಒಣ ಹುಲ್ಲಿತ್ತು, ಕಾದ ಹೊಗೆ ಕೊಳವೆ ತಗಲಿತು, ಅಷ್ಟೇ. ನೋಲಾ ಕೆಳಗಿಳಿಯುವುದರೊಳಗೆ ಬೆಂಕಿ ಬೇಲಿ ದಾಟಿತ್ತು. ಪಕ್ಕದ ಜಮೀನಿನ ಡೆಸ್ ಹೋಲ್ಮನ್, ಊರ ಅಗ್ನಿಶಾಮಕ ತಂಡದವನು, ಬೇಸಿಗೆಯಲ್ಲಿ ಪಿಕಪ್ಪಿನ ಮೇಲೆ ನೀರಿನ ಟ್ಯಾಂಕ್ ಹೊತ್ತುಕೊಂಡೇ ತಿರುಗುವವನು, ಹೊಗೆ ನೋಡಿ ಹೊಲದ ನಡುವಿನಿಂದಲೇ ಗಾಡಿ ನುಗ್ಗಿಸಿ ಬಂದು ಆರಿಸಿದ. ಇನ್ನು ಐದು ನಿಮಿಷ ತಡವಾಗಿದ್ದರೆ ಥೆಲ್ಮಾಳ ಮನೆಯೂ ಇಲ್ಲ, ಕೋಳಿಯೂ ಇಲ್ಲ.

ಆ ವಾರವೇ ನೋಲಾ ಗೇಟು ಗೇಟಿಗೂ ಹೋಗಿ ಹೇಳಿದಳು.

"ಇನ್ಮೇಲೆ ಒಬ್ಬೊಬ್ಬರ ಗೇಟಲ್ಲೂ ನಿಲ್ಲಲ್ಲ ನಾನು. ಹುಲ್ಲಿಲ್ದೇ ಇರೋ ರಸ್ತೆ ಮೂಲೆ ನೋಡಿ ಅಲ್ಲಿ ತಂದಿಡಿ. ಅರ್ಧ ಡಬ್ಬ ಇಡ್ಬೇಡಿ. ಮೂರು ಮನೇದು ಸೇರಿಸಿ ಒಂದರಲ್ಲಿ ತುಂಬಿ, ಕಾಲಲ್ಲಿ ತುಳಿದು ತುಂಬಿ. ನಾನು ನಿಲ್ಲೋದು ಎಷ್ಟು ಕಮ್ಮಿ ಆದ್ರೆ ಅಷ್ಟು ಕಮ್ಮಿ ಬೆಂಕಿ."

ಜನ ಕೇಳಿದರು. ಕೇಳಿದ್ದಷ್ಟೇ ಅಲ್ಲ, ಅದನ್ನೇ ರೂಢಿ ಮಾಡಿಕೊಂಡರು. ಈ ಸಲ ಡೆಸ್‌ನ ಡಬ್ಬ, ಮುಂದಿನ ಸಲ ಥೆಲ್ಮಾಳದು. ಪೆಟ್ಟಿಗೆ ಬಿಚ್ಚಿ ಮಡಿಸುವುದರಲ್ಲಿ ಡೆಸ್‌ನನ್ನು ಮೀರಿಸುವವರಿರಲಿಲ್ಲ. ಅರೆ ತುಂಬಿದ ಡಬ್ಬ ಮೂಲೆಯಲ್ಲಿ ಕಂಡರೆ ಅದು ಯಾರದು ಎಂದು ಮುಂದಿನ ಶನಿವಾರದ ಫುಟ್‌ಬಾಲ್ ಮೈದಾನದಲ್ಲಿ ಮಾತಾಗುತ್ತಿತ್ತು, ಆ ಮನೆಯವರು ತಲೆ ತಗ್ಗಿಸುತ್ತಿದ್ದರು. ತೊಂಬತ್ತೆರಡು ಮನೆಯ ಒಣ ಕಸ ಮೂವತ್ತು ಡಬ್ಬದಲ್ಲಿ ಬರುತ್ತಿತ್ತು. ನೋಲಾಗೆ ಅದು ತಾನು ಜೀವನದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ಹೆಮ್ಮೆಯಿತ್ತು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ಹೇಳಲೇಬೇಕು, ಯಾಕೆಂದರೆ ಮೋಸ ಇರುವುದು ಅಲ್ಲೇ. ವರ್ಷ ವರ್ಷ ಬರುವ ಕಂದಾಯದ ಚೀಟಿಯಲ್ಲಿ ಕಸದ ಶುಲ್ಕ ಎಂದು ಒಂದು ಸಾಲು ಇರುತ್ತದೆ. ಆ ಹಣವನ್ನು ಕೌನ್ಸಿಲ್ ಲಾರಿಯ ಗುತ್ತಿಗೆದಾರನಿಗೆ ಕೊಡುತ್ತದೆ, ಎತ್ತಿದ ಒಂದೊಂದು ಡಬ್ಬಕ್ಕೆ ಇಷ್ಟು ಎಂದು. ತುಂಬಿದ್ದರೂ ಅಷ್ಟೇ, ಖಾಲಿಯಿದ್ದರೂ ಅಷ್ಟೇ. ಆದರೆ ಜನರಿಂದ ವಸೂಲು ಮಾಡುವಾಗ ಡಬ್ಬ ನೋಡುವುದಿಲ್ಲ, ಮನೆ ನೋಡುವುದಿಲ್ಲ, ಜಮೀನಿನ ಖಾತೆ ನೋಡುತ್ತಾರೆ. ಡೆಸ್‌ನ ಅಜ್ಜ ತುಂಡು ತುಂಡಾಗಿ ಜಮೀನು ಕೊಂಡಿದ್ದರಿಂದ ಡೆಸ್‌ಗೆ ಐದು ಖಾತೆ. ಒಂದರಲ್ಲಿ ಮನೆ, ಮಿಕ್ಕ ನಾಲ್ಕರಲ್ಲಿ ಬರೀ ಕುರಿ. ಶುಲ್ಕ ಮಾತ್ರ ಐದಕ್ಕೂ. ಒಮ್ಮೆ ಅವನು ಕೌನ್ಸಿಲ್ ಕಿಟಕಿಯ ಮುಂದೆ ನಿಂತು ಕೇಳಿದ್ದ, "ನನ್ನ ಕುರಿಗಳು ಹಾಲಿನ ಬಾಟ್ಲಿ ಬಿಸಾಡ್ತವಾ?" ಕಿಟಕಿಯ ಹಿಂದಿದ್ದವಳು ನಗದೆ ಒಂದು ಅರ್ಜಿ ನಮೂನೆ ಕೊಟ್ಟಳು. ಅದನ್ನು ತುಂಬಿ ಕೊಟ್ಟು ಆರು ವರ್ಷವಾಯಿತು, ಉತ್ತರ ಬಂದಿಲ್ಲ.

ಕಳೆದ ಜೂನ್‌ನಲ್ಲಿ ಲಾರಿ ನಿಲ್ಲಿಸುವ ಶೆಡ್ಡಿನ ಗೋಡೆಗೆ ಒಂದು ವರದಿ ಅಂಟಿಸಿದ್ದರು. ಎತ್ತಿದ ಡಬ್ಬ ಎಣಿಸುವ ಹೊಸ ಯಂತ್ರವನ್ನು ಲಾರಿಗೆ ಕೂರಿಸಿ ಮೂರು ತಿಂಗಳಾಗಿತ್ತು, ಅದರ ಫಲ ಇದು. ಪಟ್ಟಣದಲ್ಲಿ ಹತ್ತರಲ್ಲಿ ಒಂಬತ್ತು ಮನೆಯವರು ಡಬ್ಬ ಇಡುತ್ತಾರೆ, ಉತ್ತಮ. ಹಳ್ಳಿ ಹಾದಿಯಲ್ಲಿ ತೊಂಬತ್ತೆರಡಕ್ಕೆ ಮೂವತ್ತು. ಹೀಗಾಗಿ ಗ್ರಾಮೀಣ ಭಾಗದ ಮೂರರಲ್ಲಿ ಎರಡು ಮನೆಗಳಿಗೆ ಈ ಸೇವೆಯಲ್ಲಿ ಆಸಕ್ತಿ ಇಲ್ಲ, ಹಳ್ಳಿ ಹಾದಿಯನ್ನು ನಿಲ್ಲಿಸುವ ಬಗ್ಗೆ ಕೌನ್ಸಿಲ್ ಯೋಚಿಸಬೇಕು. ನೋಲಾ ಅದನ್ನು ಮೂರು ಸಲ ಓದಿದಳು. ಮೂರನೇ ಸಲ ಓದುವಾಗ ಕಾಗದ ಕಣ್ಣಿಗೆ ಕಾಣಲಿಲ್ಲ, ಅಷ್ಟು ಸಿಟ್ಟು ಬಂದಿತ್ತು. ಅವಳ ಕಿವಿಯಲ್ಲಿ ಅವಳದೇ ಮಾತು ಕೇಳಿಸುತ್ತಿತ್ತು, ಮೂರು ಮನೇದು ಸೇರಿಸಿ ಒಂದರಲ್ಲಿ ತುಂಬಿ.

ಮನೆಗೆ ಬಂದು ರೇಗೆ ಹೇಳಿದಳು. "ನಾನೇ ಕಣೋ ಮಾಡಿದ್ದು. ಇದು ನನ್ನ ಕೈಯಾರೆ ಆಗಿದ್ದು."

ರೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. "ನೀನು ಬೆಂಕಿ ಹತ್ಬಾರ್ದು ಅಂತ ಹೇಳಿದ್ದೆ. ಹೋಗಿ ಅವರಿಗೂ ಅದನ್ನೇ ಹೇಳು. ಕಿವಿ ಇರುತ್ತಲ್ಲ ಅವರಿಗೂ."

ಹೋದಳು. ಕೌನ್ಸಿಲ್ಲಿನ ಹಣಕಾಸು ನೋಡಿಕೊಳ್ಳುವವನು ಇಯಾನ್ ಲೋಮ್ಯಾಕ್ಸ್ ಎಂಬವನು, ಎರಡು ವರ್ಷದ ಹಿಂದೆ ನಗರದಿಂದ ಬಂದವನು. ಕೆಟ್ಟವನಲ್ಲ. ಅವಳಿಗೆ ಕುರ್ಚಿ ಕೊಟ್ಟ, ಚಹಾ ಕೊಟ್ಟ, ಬೆಂಕಿಯ ಕಥೆಯನ್ನು ಪೂರ್ತಿ ಕೇಳಿದ. ಆಮೇಲೆ ಹೇಳಿದ:

"ಎಷ್ಟು ಡಬ್ಬ ಎತ್ತಿದೀವಿ ಅನ್ನೋ ಅಂಕಿ ನಮ್ಮತ್ರ ಇದೆ. ಒಂದರೊಳಗೆ ಎಷ್ಟು ಮನೇದು ಇದೆ ಅನ್ನೋ ಅಂಕಿ ಇಲ್ಲ."

"ನಾನು ಹೇಳ್ತಾ ಇದೀನಲ್ಲ, ಮೂರು ಮನೇದು ಅಂತ."

"ಅದು ಅಂಕಿ ಅಲ್ಲ, ನೋಲಾ. ಅದು ನೀವು ಹೇಳೋ ಮಾತು."

ಇಪ್ಪತ್ತೊಂದು ವರ್ಷ ಒಂದೊಂದು ಡಬ್ಬವನ್ನೂ ಕಣ್ಣಾರೆ ಕಂಡವಳ ಮಾತು ಬರೀ ಮಾತು, ಮೂರು ತಿಂಗಳ ಹಿಂದೆ ಬಂದ ಯಂತ್ರದ್ದು ಸತ್ಯ. ಅವಳು ಚಹಾ ಮುಟ್ಟದೆ ಎದ್ದಳು. ಬಾಗಿಲ ತನಕ ಬಂದ ಲೋಮ್ಯಾಕ್ಸ್ ತಾನೇ ಒಂದು ದಾರಿ ಹೇಳಿಕೊಟ್ಟ. ಆಗಸ್ಟ್‌ನಲ್ಲಿ ಮತ್ತೊಂದು ಸಲ ಎಣಿಸುತ್ತೇವೆ, ಸೆಪ್ಟೆಂಬರ್ ಸಭೆಗೆ ಆ ಅಂಕಿಯೇ ಹೋಗುತ್ತದೆ ಎಂದ.

ಅಗ್ನಿಶಾಮಕ ತಂಡದ ಶೆಡ್ಡಿನಲ್ಲಿ ಭಾನುವಾರ ಜನ ಸೇರಿದರು. ಪೈಪು ಸುತ್ತಿಡುವ ಕೆಲಸದ ನಡುವೆ ನೋಲಾ ವಿಷಯ ಇಟ್ಟಳು. ಆಗಸ್ಟ್ ಪೂರ್ತಿ ಪ್ರತಿ ಮನೆಯವರೂ ತಮ್ಮ ತಮ್ಮ ಡಬ್ಬ ಹೊರಗಿಡಬೇಕು. ತುಂಬಿರಲಿ, ತುಂಬದೇ ಇರಲಿ.

ಡೆಸ್ ಪೈಪು ಕೆಳಗಿಟ್ಟ. "ಖಾಲಿ ಡಬ್ಬಾನೂ?"

"ಖಾಲಿ ಡಬ್ಬಾನೂ."

"ಅರ್ಧ ಡಬ್ಬ ಇಟ್ಟೆ ಅಂತ ಒಂದ್ಸಲ ನನ್ನ ಮಾನ ತೆಗ್ದಿದ್ದೆ ನೀನು. ಎಲ್ಲರ ಮುಂದೆ."

"ತೆಗ್ದಿದ್ದೆ. ಈಗ ನಾನೇ ಬೇಡ್ಕೋತಿದೀನಿ, ಇಡು."

"ಹುಲ್ಲು?" ಎಂದು ಥೆಲ್ಮಾ ಕೇಳಿದಳು. ಅವಳು ಬೆಂಕಿ ಮರೆತಿರಲಿಲ್ಲ.

"ಆಗಸ್ಟು ಚಳಿಗಾಲ, ಹುಲ್ಲು ಹಸಿರಾಗಿರುತ್ತೆ ಥೆಲ್ಮಾ. ಭಯ ಬೇಡ."

"ಭಯ ಅಲ್ಲ ಕಣೇ, ನಾಚಿಕೆ. ಖಾಲಿ ಡಬ್ಬ ಎಳ್ಕೊಂಡು ಮೂಲೆ ತನಕ ಹೋಗ್ಬೇಕಲ್ಲ, ಯಾರಾದ್ರೂ ನೋಡಿದ್ರೆ ತಲೆ ಕೆಟ್ಟಿದೆ ಅಂತಾರೆ."

ಆದರೂ ಇಟ್ಟರು. ಆಗಸ್ಟ್‌ನ ಎರಡು ಗುರುವಾರವೂ ತೊಂಬತ್ತು ಡಬ್ಬ ಹೊರಗಿದ್ದವು. ಒಂದು ಮನೆಯವರು ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಬೆಚ್ಚಗಿನ ಉತ್ತರಕ್ಕೆ ಪ್ರವಾಸ ಹೋಗಿದ್ದರು, ಇನ್ನೊಂದು ಡಬ್ಬದ ಗಾಲಿ ಮುರಿದಿತ್ತು. ಥೆಲ್ಮಾ ಪೂರ್ತಿ ಖಾಲಿ ಇಡಲು ಮನಸ್ಸು ಬಾರದೆ ತಳದಲ್ಲಿ ಒಂದು ದಿನಪತ್ರಿಕೆ ಮಡಿಸಿ ಇಟ್ಟಿದ್ದಳು. ನೋಲಾಗೆ ಅದು ಲಾರಿಯ ಒಳಗಿನ ಕ್ಯಾಮೆರಾದಲ್ಲಿ ಕಂಡಿತು. ಗಾಳಿ ತುಂಬಿದ ಡಬ್ಬಗಳನ್ನು ಎತ್ತಿ ಎತ್ತಿ ಇಳಿಸುತ್ತ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಂದು ಗಂಟೆ ಹೆಚ್ಚು ಕೆಲಸ, ಅದಕ್ಕೆ ತಕ್ಕ ಹೆಚ್ಚು ಡೀಸೆಲ್, ಬಂದ ಕಸ ಮಾತ್ರ ಮೊದಲಿನಷ್ಟೇ. ಹಲ್ಲು ಕಚ್ಚಿ ಮುಗಿಸಿದಳು. ಅವರಿಗೆ ಅಂಕಿ ಬೇಕಿತ್ತು, ಅಂಕಿ ಸಿಕ್ಕಿತು, ಹಾದಿ ಉಳಿಯಿತು ಎಂದುಕೊಂಡಳು.

ಸೆಪ್ಟೆಂಬರ್ ಸಭೆಯಲ್ಲಿ ಪ್ರಶ್ನೆ ಕೇಳಬೇಕಾದರೆ ಅಂದು ಮಧ್ಯಾಹ್ನ ಹನ್ನೆರಡರೊಳಗೆ ಬರೆದು ಕೊಡಬೇಕು, ನಿಂತು ಓದಲು ಎರಡು ನಿಮಿಷ. ನೋಲಾ ಬರೆದುಕೊಟ್ಟಿದ್ದು ಪ್ರಶ್ನೆಯೂ ಅಲ್ಲ, ಹಾದಿ ಉಳಿಸಿಕೊಳ್ಳುತ್ತೀರಿ ತಾನೇ ಎಂಬ ಸೌಮ್ಯವಾದ ಎರಡು ಸಾಲು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಳು. ಡೆಸ್ ಪಕ್ಕದಲ್ಲಿ ಕೂತಿದ್ದ. ಮೇಲಿನ ಕುರ್ಚಿಯಲ್ಲಿ ಮೇಯರ್ ಗ್ಲೆನಿಸ್ ಓಟ್ಸ್, ಹಳೇ ಗಿರಣಿ ರಸ್ತೆಯಲ್ಲಿ ಹುಟ್ಟಿ ಬೆಳೆದವಳು, ಈಗ ಪಟ್ಟಣದಲ್ಲಿ ಮನೆ ಕಟ್ಟಿಕೊಂಡಿರುವವಳು.

ಮೊದಲು ಲೋಮ್ಯಾಕ್ಸ್ ಎದ್ದು ಓದಿದ. "ಆಗಸ್ಟ್ ತಿಂಗಳಲ್ಲಿ ಹಳ್ಳಿ ಹಾದಿಯಲ್ಲಿ ಎತ್ತಿದ ಡಬ್ಬಗಳ ಸಂಖ್ಯೆ ಮೂರು ಪಟ್ಟಾಗಿದೆ. ಡಬ್ಬಕ್ಕಿಷ್ಟು ಅಂತ ಗುತ್ತಿಗೆ ಇರೋದ್ರಿಂದ ಖರ್ಚೂ ಮೂರು ಪಟ್ಟಾಗಿದೆ. ಇದನ್ನ ಕೌನ್ಸಿಲ್ ತಡ್ಕೊಳ್ಳೋಕಾಗಲ್ಲ. ಹಾದಿ ನಿಲ್ಲಿಸ್ಬೇಕು ಅಂತ ಶಿಫಾರಸು ಮಾಡ್ತೀನಿ."

ಡೆಸ್ ತಲೆ ಮೇಲೆ ಕೈ ಹೊತ್ತು ಕೂತ. ನೋಲಾ ತಾನು ಬರೆದುಕೊಂಡಿದ್ದ ಚೀಟಿಯನ್ನು ಮುದುರಿ ಜೇಬಿಗೆ ಹಾಕಿ ಎದ್ದು ನಿಂತಳು.

"ಜೂನಲ್ಲಿ ಮೂವತ್ತು ಇಟ್ರೆ ನಮಗೆ ಆಸಕ್ತಿ ಇಲ್ಲ ಅಂದ್ರಿ. ಆಗಸ್ಟಲ್ಲಿ ತೊಂಬತ್ತು ಇಟ್ರೆ ದುಬಾರಿ ಅಂತೀರಿ. ಎಷ್ಟು ಇಟ್ಟಿದ್ರೆ ಸರಿ ಹೋಗ್ತಿತ್ತು, ಇಯಾನ್? ನಿಮಗೆ ಅಂಕಿ ಇಷ್ಟ ಅಲ್ವಾ, ಒಂದು ಅಂಕಿ ಹೇಳಿ. ಅಷ್ಟೇ ಇಡ್ತೀವಿ."

ಲೋಮ್ಯಾಕ್ಸ್ ಕಾಗದ ತಿರುವಿದ.

"ನೋಲಾ, ನೀವು ಬರೆದುಕೊಟ್ಟ ಪ್ರಶ್ನೆ ಇದಲ್ಲ" ಎಂದಳು ಮೇಯರ್.

"ಸರಿ, ಬಿಡಿ. ಇನ್ನೊಂದು ಕೇಳ್ತೀನಿ. ಲಾರಿ ಬರೋದು ನಿಂತ್ರೆ ಕಂದಾಯದ ಚೀಟೀಲಿರೋ ಕಸದ ಶುಲ್ಕಾನೂ ನಿಲ್ಲುತ್ತಾ?"

"ಅದು ಡಬ್ಬಕ್ಕೆ ಹಾಕೋ ಶುಲ್ಕ ಅಲ್ಲ" ಎಂದ ಲೋಮ್ಯಾಕ್ಸ್. "ಖಾತೆಗೆ ಹಾಕೋದು. ಅದು ಇರುತ್ತೆ."

"ಲಾರಿ ಇಲ್ದೇ ಇದ್ರೂ?"

"ಹಳ್ಳಿ ಕಡೆ ಖಾತೆಗಳೇ ಹೆಚ್ಚು. ಅದನ್ನ ತೆಗೆದ್ರೆ ಪಟ್ಟಣದ ಹಾದಿಗೆ ದುಡ್ಡು ಸಾಲಲ್ಲ."

ಹೇಳಿದ ಮೇಲೆ ತಾನು ಏನು ಒಪ್ಪಿಕೊಂಡೆ ಎಂದು ಅವನಿಗೆ ಅರಿವಾಯಿತು. ಇಷ್ಟು ವರ್ಷ ಕೌನ್ಸಿಲ್ಲಿನವರು, ಪಟ್ಟಣದವರ ದುಡ್ಡಲ್ಲಿ ಹಳ್ಳಿಯ ಕಸ ಎತ್ತುತ್ತಿದ್ದೇವೆ ಎಂದು ಉಪಕಾರ ಮಾಡಿದವರ ಹಾಗೆ ಹೇಳುತ್ತ ಬಂದಿದ್ದರು. ಹಳ್ಳಿಯವರೂ ಅದನ್ನು ನಂಬಿ, ಪಾಪ, ಬೆಂಕಿಯ ಭಯದ ಜೊತೆಗೆ ಹೊರೆಯಾಗಬಾರದೆಂದೂ ಡಬ್ಬ ತುಳಿದು ತುಂಬುತ್ತಿದ್ದರು. ನಿಜ ನೋಡಿದರೆ ಹೊತ್ತವರೇ ಅವರು. ಡೆಸ್‌ನ ನಾಲ್ಕು ಖಾತೆಯ ಕುರಿಗಳು ಪಟ್ಟಣದ ಒಂದು ಬೀದಿಯ ಕಸ ಎತ್ತಿಸುತ್ತಿದ್ದವು.

"ಹಾಗಾದ್ರೆ ನಮ್ಮನ್ನ ನೀವು ಸಾಕ್ತಾ ಇರ್ಲಿಲ್ಲ" ಎಂದು ನೋಲಾ ಶುರು ಮಾಡುವಷ್ಟರಲ್ಲಿ ಗಂಟೆ ಹೊಡೆಯಿತು. ಎರಡು ನಿಮಿಷ ಮುಗಿದಿತ್ತು. ಮತಕ್ಕೆ ಸದಸ್ಯರ ಕೈ ಎತ್ತಿಸಿದರು. ನಿಲ್ಲಿಸಲು ಐದು, ಉಳಿಸಲು ಎರಡು.

ಹೊರಗೆ ಮೆಟ್ಟಿಲ ಮೇಲೆ ಗ್ಲೆನಿಸ್ ಅವಳ ಹಿಂದೆಯೇ ಬಂದಳು. ಇಲ್ಲಿ ಅವಳು ಮೇಯರ್ ಆಗಿರಲಿಲ್ಲ, ಬಹುವಚನವೂ ಇರಲಿಲ್ಲ. "ಬೇಜಾರು ಮಾಡ್ಕೋಬೇಡ ನೋಲಾ. ನಿನ್ನ ಮೇಲೆ ಯಾರಿಗೂ ಏನೂ ಇಲ್ಲ. ಅಷ್ಟು ದೂರ ಲಾರಿ ಕಳ್ಸೋದು ಲೆಕ್ಕಕ್ಕೆ ಕೂರಲ್ಲ, ಅಷ್ಟೇ."

"ಒಂಬತ್ತು ವರ್ಷ ನಿಮ್ಮನೆ ಗೇಟಿಗೆ ಸ್ಕೂಲ್ ಬಸ್ ತಂದಿದೀನಿ ಗ್ಲೆನಿಸ್" ಎಂದಳು ನೋಲಾ. "ಡಾಂಬರು ರಸ್ತೆ ಬಿಟ್ಟು ಹನ್ನೊಂದು ಕಿಲೋಮೀಟರ್ ಒಳಗೆ. ಆ ಗೇಟಲ್ಲಿ ಹತ್ತುತ್ತಿದ್ದೋಳು ನೀನೊಬ್ಳೇ. ಯಾರೂ ಎಣಿಸ್ಲಿಲ್ಲ."

ಡೆಸ್ ಪಿಕಪ್ಪಿನ ಬಾಗಿಲು ತೆಗೆದುಕೊಂಡು ಕಾಯುತ್ತಿದ್ದ. ನೋಲಾಗೆ ಲೋಮ್ಯಾಕ್ಸ್ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಇತ್ತು. ಜನರಿಗೆ ಎರಡು ಸಲ ಬುದ್ಧಿ ಹೇಳಿದ್ದಳು, ಎರಡು ಸಲವೂ ಅವರು ಎದುರಾಡದೆ ಕೇಳಿದ್ದರು, ಎರಡು ಸಲವೂ ಅದು ಅವರ ಕುತ್ತಿಗೆಗೇ ಬಂದಿತ್ತು.

ಅಕ್ಟೋಬರ್ ಒಂದರಿಂದ ಹಳ್ಳಿ ಹಾದಿ ನಿಂತಿತು. ಬೇಕಾದವರು ಪಟ್ಟಣದ ಕಸ ಸಂಗ್ರಹ ಕೇಂದ್ರಕ್ಕೆ ತಂದು ಹಾಕಬಹುದು ಎಂದು ಕೌನ್ಸಿಲ್ ಕಾಗದ ಕಳಿಸಿತು. ಮೂರು ಬಾವಿ ರಸ್ತೆಯಿಂದ ಅದು ಐವತ್ತು ಕಿಲೋಮೀಟರ್. ಥೆಲ್ಮಾಗೆ ಎಂಬತ್ತು, ಕಣ್ಣು ಮಂಜಾದ ಮೇಲೆ ಅಂಗಡಿಗೆ ಬಿಟ್ಟು ಬೇರೆಲ್ಲಿಗೂ ಗಾಡಿ ಓಡಿಸುವುದಿಲ್ಲ. ಅವಳು ಬಾಟಲಿಗಳನ್ನು ತೊಳೆದು ತೊಳೆದು ಕೋಳಿ ಗೂಡಿನ ಹಿಂದೆ ಜೋಡಿಸಿಡುತ್ತಿದ್ದಾಳೆ. ಯಾಕೆ ಎಂದು ಕೇಳಿದರೆ, ಮತ್ತೆಲ್ಲಿ ಹಾಕಲಿ ಎನ್ನುತ್ತಾಳೆ.

ಕೆಲಸ ಬಿಟ್ಟುಬಿಡು ಎಂದು ರೇ ಹೇಳಿದ. ರೇಯ ಔಷಧಿಗೆ ಆ ಸಂಬಳ ಬೇಕಿತ್ತು. ನೋಲಾಳನ್ನು ಪಟ್ಟಣದ ಹಾದಿಗೆ ಹಾಕಿದರು. ಗುರುವಾರವೇ, ಬೆಳಗ್ಗೆ ಏಳಕ್ಕೆ, ವ್ಯಾಟಲ್ ಬೀದಿ. ಡಾಂಬರು, ಪಾದಚಾರಿ ಹಾದಿ, ಕತ್ತರಿಸಿದ ಹುಲ್ಲು, ಹದಿನೈದು ಹದಿನೈದು ಮೀಟರಿಗೆ ಒಂದು ಹಳದಿ ಡಬ್ಬ. ತೋಳು ಅಪ್ಪಿಕೊಂಡಾಗಲೇ ಅವಳಿಗೆ ತೂಕ ಗೊತ್ತಾಗುತ್ತಿತ್ತು. ಒಂದರಲ್ಲಿ ಎರಡು ತಗಡಿನ ಡಬ್ಬಿ. ಒಂದರಲ್ಲಿ ಬಿಸ್ಕತ್ತಿನ ಪೊಟ್ಟಣ. ಒಂದೊಂದಕ್ಕೂ ಯಂತ್ರ ಒಂದೊಂದು ಎಣಿಸುತ್ತ ಹೋಯಿತು. ಉತ್ತಮ ಎಂದು ವರದಿಯಲ್ಲಿ ಬರೆದಿದ್ದು ಇದನ್ನೇ.

ಹದಿನೇಳನೇ ನಂಬರಿನ ಮನೆಯ ಮುಂದೆ ತೋಳು ಡಬ್ಬವನ್ನು ಎತ್ತಿದಾಗ ಒಳಗೆ ಒಂದೇ ಒಂದು ಬಾಟಲಿ ಆ ಗೋಡೆಯಿಂದ ಈ ಗೋಡೆಗೆ ಬಡಿದ ಸದ್ದು ಕೇಳಿಸಿತು. ನೋಲಾ ಅರ್ಧಕ್ಕೇ ನಿಲ್ಲಿಸಿ ಅದನ್ನು ಹಾಗೆಯೇ ಕೆಳಗಿಳಿಸಿದಳು. ಲಾರಿ ಮುಂದಕ್ಕೆ ಬಿಟ್ಟಳು. ಬಾಗಿಲು ತೆರೆದು ರಾತ್ರಿಯ ನಿಲುವಂಗಿಯಲ್ಲೇ ಒಬ್ಬ ಗಂಡಸು ಹೊರಗೆ ಬಂದ.

"ಏಯ್, ನನ್ನ ಡಬ್ಬ ಖಾಲಿ ಮಾಡ್ಲಿಲ್ಲ ನೀನು."

ಅವಳು ಬ್ರೇಕ್ ಒತ್ತಿದಳು. "ಅದು ಖಾಲೀನೇ ಇದೆ. ಒಂದು ಬಾಟ್ಲಿ ಇದೆ. ತುಂಬಿದಾಗ ಇಡಿ, ಎತ್ತುತ್ತೀನಿ."

"ತುಂಬ್ಲಿ ಬಿಡ್ಲಿ, ಅದು ನಿನಗ್ಯಾಕೆ? ದುಡ್ಡು ಕಟ್ತೀನಿ ನಾನು."

ನೋಲಾ ಲಾರಿಯಿಂದ ಇಳಿದಳು. ಎಂಜಿನ್ ಆರಿಸಲಿಲ್ಲ. ನಡೆದು ಬಂದು ಅವನ ಡಬ್ಬದ ಈಚೆ ನಿಂತಳು.

"ಒಂದು ಪಾಲು ನೀವು ಕಟ್ತೀರಿ. ಮಿಕ್ಕಿದ್ದು ಡೆಸ್ ಹೋಲ್ಮನ್ ಕಟ್ತಾನೆ. ಐದು ಸಲ ಕಟ್ತಾನೆ. ಅವನ ಮನೆಗೆ ಲಾರಿ ಹೋಗಲ್ಲ."

"ಯಾರವನು?"

ಅವನು ವ್ಯಂಗ್ಯಕ್ಕೆ ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೈ ಎತ್ತಿದ ಐವರಿಗೂ ಅಂಕಿಯ ಹಿಂದೆ ಮುಖ ಕಂಡಿರಲಿಲ್ಲ, ಇವನಿಗಂತೂ ಅಂಕಿಯೂ ಕಂಡಿರಲಿಲ್ಲ. ನೋಲಾ ಹೇಳತೊಡಗಿದಳು. ಮೂರು ಬಾವಿ ರಸ್ತೆಯ ಮೊದಲನೇ ಗೇಟು ಥೆಲ್ಮಾ ರಡ್ಡಕ್, ಒಂದು ಖಾತೆ. ಎರಡನೇ ಗೇಟು ಡೆಸ್, ಐದು. ಆಮೇಲೆ ಕಲ್ಲು ಸೇತುವೆ ದಾಟಿ ಮೆಕಿನ್ನಾನ್ ಅಣ್ಣ ತಮ್ಮಂದಿರು, ಮೂರು. ಅದರಾಚೆ ವೀಲನ್ ಮನೆ, ಅಲ್ಲಿ ಎರಡು. ಹಿಂದೆ ಬ್ರೆಡ್ಡಿನ ವ್ಯಾನೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಆ ಹಾರ್ನೇ ಕೇಳಿಸದಷ್ಟು ಅವಳು ದನಿ ಏರಿಸಿದಳು. ಗಂಡಸು ಒಳಗೆ ಹೋಗಲೂ ಆಗದೆ ಎದುರಾಡಲೂ ಆಗದೆ ನಿಲುವಂಗಿಯ ಪಟ್ಟಿ ಹಿಡಿದು ನಿಂತಿದ್ದ. ಮೂರು ಬಾವಿ ರಸ್ತೆ ಮುಗಿದಾಗ ಅವನು, "ಸರಿ, ಗೊತ್ತಾಯ್ತು" ಎಂದ.

"ಇಲ್ಲ, ಗೊತ್ತಾಗಿಲ್ಲ" ಎಂದು ನೋಲಾ ಹಳೇ ಗಿರಣಿ ರಸ್ತೆಯ ಮೊದಲನೇ ಗೇಟಿನಿಂದ ಶುರು ಮಾಡಿದಳು.